ಒಣಗದ ಮಡಿ

೭ ಡಿಸೆಂಬರ್ ೧೮೯೨, ಬುಧವಾರ. ಬೆಳಿಗ್ಗೆ

ಮತ್ತೆ ಅದೇ ವಾಸನೆ. ಬಾವಿಗೆ ಹೋದರೆ ಮೀನು, ಸಂಧ್ಯಾವಂದನೆಗೆ ಕೂತರೆ ಪ್ರಾಣಾಯಾಮದಲ್ಲೂ ಮೀನು. ಉಸಿರು ಎಳೆದು ಹಿಡಿಯಬೇಕಾದಲ್ಲಿ ಎಳೆಯುವುದಕ್ಕೇ ಮನಸ್ಸು ಬರುವುದಿಲ್ಲ. ಅರ್ಘ್ಯ ಕೊಡುವಾಗ ನೊಣ ಬಾಯಿಗೆ ಬಂತು. ಥೂ.

ಇದನ್ನು ಬಂದರು ಎನ್ನುತ್ತಾರೆ. ಹತ್ತಾರು ದೋಣಿ, ಬೆಸ್ತರ ಗುಡಿಸಲು, ಮರಳ ತುಂಬ ಹರವಿದ ಮೀನು. ನೆಲ್ಲೂರಿನಲ್ಲಿ ರೈಲು ಇಳಿದು ದಿನವೆಲ್ಲ ಬಂಡಿಯಲ್ಲಿ ಕುಲುಕಿ ಬಂದದ್ದು ಇದಕ್ಕೆ. ಬ್ರಾಹ್ಮಣರ ಮನೆ ಒಂದೂ ಇಲ್ಲ. ಅದಕ್ಕೇ ಬಳ್ಳಾರಿಯ ಕೌಲ್ ಬಜಾರಿನಿಂದ ದಂಡಿನವರ ಹಳೇ ಡೇರೆ ಬಾಡಿಗೆಗೆ ತಂದು ಹೊಡೆದಿದ್ದೇವೆ. ಕಚೇರಿಯ ಗುಮಾಸ್ತ ನಾನು, ಕಲೆಕ್ಟರ್ ದೊರೆಯ ಹಾಗೆ ಕ್ಯಾಂಪು!

ಎಲ್ಲ ವಿಜಯಾಳ ಕೆಮ್ಮಿನ ಸಲುವಾಗಿ. ಬಳ್ಳಾರಿಯ ಧೂಳು ನಿನ್ನ ಹೆಂಡತಿಯ ಎದೆಗೆ ಆಗದು, ಸಮುದ್ರದ ಗಾಳಿ ಬೇಕು, ಹೊಟ್ಟೆ ತುಂಬ ಊಟ ಬೇಕು, ಇಲ್ಲದಿದ್ದರೆ ಬೇಸಿಗೆ ದಾಟುವುದಿಲ್ಲ — ಹೀಗೆಂದರು ದೊರೆ ಡಾಕ್ಟರು. ಗಾಳಿ ಬೇಕಾದಷ್ಟಿದೆ. ಊಟಕ್ಕೇ ಬಂದಿದೆ ಕುತ್ತು.

ಅಮ್ಮನ ಮಡಿ ಸೀರೆ ಒಣಗುತ್ತಿಲ್ಲ.

೯ ಡಿಸೆಂಬರ್, ಶುಕ್ರವಾರ

ಮಳೆ. ಬಳ್ಳಾರಿಯಲ್ಲಿ ಮಳೆಗಾಲ ಮುಗಿದರೆ ಲೋಕಕ್ಕೆಲ್ಲ ಮುಗಿಯಿತೆಂದು ತಿಳಿದಿದ್ದೆವು. ಈ ಕರಾವಳಿಗೆ ಈಗಲೇ ಮಳೆಗಾಲವಂತೆ. ಬೆಸ್ತರ ಮುದುಕಿ ತೆಲುಗಿನಲ್ಲಿ ಹೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗಲಿ.

ಊರಲ್ಲಿ ಅಮ್ಮ ಸೀರೆ ಒಗೆದು ಗಳದ ಮೇಲೆ ಹಾಕಿದರೆ, ಒಲೆ ಹೊತ್ತುವಷ್ಟರಲ್ಲಿ ಒಣಗಿ ಸೆಟೆದಿರುತ್ತದೆ. ಅದನ್ನು ಉಟ್ಟು ಅಡಿಗೆ, ಅದನ್ನುಟ್ಟೇ ಊಟ. ಇಲ್ಲಿ ನಿನ್ನೆ ಹಾಕಿದ್ದು ಇವತ್ತೂ ಹಸಿ ಹಸಿ, ಉಪ್ಪುಪ್ಪು, ಮರಳು ಬೇರೆ. ಒದ್ದೆ ಉಟ್ಟು ನೀರು ತರಬಹುದು, ಊಟಕ್ಕೆ ಕೂಡಬಾರದು ಎನ್ನುತ್ತಾಳೆ. ಮಡಿಯಲ್ಲದ ಅಡಿಗೆ ಮುಟ್ಟುವುದಿಲ್ಲ. ಅಪ್ಪ ಹೋದಂದಿನಿಂದ ಮುಟ್ಟಿದವಳಲ್ಲ. ಬಾಳೆಹಣ್ಣು, ಹಾಲು. ಆಯಿತು.

ಅವಳು ಉಣ್ಣದೆ ವಿಜಯಾ ಉಣ್ಣುವುದಿಲ್ಲ! ಸಿರುಗುಪ್ಪದ ಅವಳ ತವರಿನಲ್ಲಿ ಹಾಗೇ ಕಲಿಸಿದ್ದಾರೆ. ನಾನು ಬೈದೆ. "ಅತ್ತಿ ಎಲಿ ಮುಂದ ಕೂಡೋತನಕ ನಾ ಕೂಡಂಗಿಲ್ರಿ. ನನ್ನ ಸಲುವಾಗಿ ಇಲ್ಲಿಗೆ ಬಂದು ಉಪವಾಸ ಬಿದ್ದಾರ, ನಾ ಹೆಂಗ ಉಣ್ಲಿ?" ಎಂದಳು. ಅಮ್ಮನೇ ಹೇಳಿದಳು — "ರೋಗಿಗೆ ದೋಷ ಇಲ್ಲವ್ವಾ, ಉಣ್ಣು." ಊಹೂಂ. ಇಬ್ಬರೂ ಒಬ್ಬರಿಗಿಂತ ಒಬ್ಬರು.

ಧಾಬಳಿ ಇದ್ದಿದ್ದರೆ ಈ ಗೋಳೇ ಇರಲಿಲ್ಲ. ಉಣ್ಣೆಯ ಸೀರೆ, ದಿನಾ ಒಗೆಯದೆಯೂ ಮಡಿ. ಪೆಟ್ಟಿಗೆಗೆ ಇಟ್ಟದ್ದನ್ನು ನಾನೇ ತೆಗೆಸಿದೆ — "ಸೆಕೆಯ ಊರಿಗೆ ಉಣ್ಣೆ ಯಾಕಮ್ಮ?" ಪಾರ್ಸಲ್ ಕಳಿಸೆಂದು ತಮ್ಮ ಜಯತೀರ್ಥನಿಗೆ ಬರೆದಿದ್ದೇನೆ. ಅದು ಯಾವಾಗ ಬಂದೀತೋ.

ಸಂಜೆ ಗಾದೆಪ್ಪ ಬಂದ. ಕುರುಗೋಡಿನವ, ಡೇರೆ ನೋಡಿಕೊಳ್ಳಲು ಜೊತೆಗೆ ಬಂದವ. "ಅಮ್ಮಾರ, ಉಣ್ಣೀಗೆ ಮೈಲಗಿ ಇಲ್ಲಂತೀರಲ್ರಿ. ನನ್ನ ಕಂಬಳಿ ಐತಿ, ತಗೊಳ್ರಿ." ಅಮ್ಮ ಒಂದು ಗಳಿಗೆ ಯೋಚಿಸಿದಳು, ನಿಜಕ್ಕೂ. ಆಮೇಲೆ ಮೂಗು ಮುಚ್ಚಿಕೊಂಡಳು. "ಅದರಾಗ ಏನ್ ಕಟ್ಟಿಗೊಂಡು ಬಂದಿದ್ಯೋ ನಿನ್ನೆ?" ಅವನು ತಲೆ ಕೆರೆದುಕೊಂಡ. ಮೀನು! ಬಂದ ಮೂರೇ ದಿನಕ್ಕೆ ಇವನಿಗೂ ರುಚಿ ಹತ್ತಿದೆ. ಹತ್ತಿರ ಬಂದರೆ ಹೇಸಿಗೆಯಾಗುತ್ತದೆ.

೧೨ ಡಿಸೆಂಬರ್, ಸೋಮವಾರ

ಬಿಸಿಲು ಬಂತು! ಅಮ್ಮ ಎರಡು ಗೂಟ ಹೊಡೆಸಿ ಹಗ್ಗ ಕಟ್ಟಿಸಿ ಸೀರೆ ಹಾಕಿದಳು. ನಾನು ಒಂದು ಕಡೆ ಕೋಲು ಹಿಡಿದು ಕಾವಲು, ಗಾದೆಪ್ಪ ಇನ್ನೊಂದು ಕಡೆ. ಬೆಸ್ತರ ಮಕ್ಕಳು ಸುತ್ತ ನಿಂತು ನೋಡಿದವು. ಸರ್ಕಾರದ ಖಜಾನೆಗೂ ಇಷ್ಟು ಬಂದೋಬಸ್ತು ಇರಲಿಕ್ಕಿಲ್ಲ. ವಿಜಯಾ ನಗುತ್ತಿದ್ದಳು.

ಮಧ್ಯಾಹ್ನ — ಒಣಗಿತ್ತು. ಗರಿಗರಿ ಒಣಗಿತ್ತು. ಅಮ್ಮ ಸ್ನಾನಕ್ಕೆ ಹೋದಳು. ಒಂದು ಕಾಗೆ ಬಂತು, ಬಾಯಲ್ಲಿ ಮೀನಿನ ತಲೆ. ಇನ್ನೊಂದು ಕಾಗೆ ಅಟ್ಟಿಕೊಂಡು ಬಂತು. ತಲೆ ಸೀದಾ ಸೀರೆಯ ನಡುವಿಗೆ ಬಿತ್ತು.

"ಹಾಳಾಗಿ ಹೋಗ್ಲಿ ಇದರ ಕುಲ!" ಎಂದು ಗಾದೆಪ್ಪ ಕಲ್ಲು ಬೀಸಿದ. ಏನು ಪ್ರಯೋಜನ. ಅಮ್ಮ ಒದ್ದೆ ಮೈಯಲ್ಲಿ ಬಂದು ನೋಡಿದಳು. ಮತ್ತೆ ನೆನೆಸಿದಳು. ಮೋಡ ಮುಚ್ಚಿತು.

ಈ ಸಮುದ್ರ, ಈ ಕಾಗೆ, ಈ ಮಡಿ, ಈ ಹಠ... ಎಲ್ಲದರ ಮೇಲೂ ವಾಕರಿಕೆ.

೧೬ ಡಿಸೆಂಬರ್, ಶುಕ್ರವಾರ. ದ್ವಾದಶಿ

ಮೂರು ದಿನ ಬರೆಯಲಿಲ್ಲ. ಬರೆದು ಏನು.

ನಿನ್ನೆ ಏಕಾದಶಿ, ಎಲ್ಲರಿಗೂ ಉಪವಾಸ. ಇವತ್ತು ಬೆಳಿಗ್ಗೆ ಪಾರಣೆ ಆಗಬೇಕಿತ್ತು. ಸೀರೆ ಹಿಂಡಿದರೆ ನೀರು. ಅಮ್ಮ ತುಳಸಿ ತೀರ್ಥ ಕುಡಿದು ಪಾರಣೆ ಆಯಿತೆಂದಳು. ವಿಜಯಾ ಅರ್ಧ ಲೋಟ ಹಾಲು ಕುಡಿದಳು, ಅದನ್ನೂ ಕಕ್ಕಿದಳು. ಕೆಮ್ಮಿದ ಬಟ್ಟೆಯನ್ನು ದಿಂಬಿನ ಕೆಳಗೆ ಸೇರಿಸಿದಳು. ಎಳೆದು ನೋಡಿದೆ. ಕೆಂಪು. ಬಂದಂದಿನಿಂದ ಇರಲಿಲ್ಲ, ನಿಂತಿತ್ತು.

ಕೂಗಾಡಿದೆ. "ಅಮ್ಮಾ, ಇವಳನ್ನ ಕೊಲ್ಲೋಕೆ ಇಲ್ಲೀತನಕ ಬಂದೇವೇನು?" ಅಮ್ಮ ಆ ಬಟ್ಟೆ ನೋಡಿದಳು. ಹೋಗಿ ಮರಳಿನ ಮೇಲೆ ಕೂತಳು. ನನಗೆ ಅಳು ಬಂತು.

೧೭ ಡಿಸೆಂಬರ್, ಶನಿವಾರ. ಮಧ್ಯಾಹ್ನ

ನಾನೇ ಅಡಿಗೆ ಮಾಡಿದೆ. ನಿನ್ನೆಯ ಪಂಚೆಯಲ್ಲೇ. ಅನ್ನ, ಮೆಣಸಿನ ಸಾರು. ಹೊಗೆಗೆ ಕಣ್ಣೆಲ್ಲ ಉರಿ.

ಅಮ್ಮ ಹಾಸಿಗೆಯ ಹತ್ತಿರ ಬಂದು ಬಾಯಿ ಒರೆಸಿಕೊಂಡಳು. "ನಂದಾತು ವಿಜಯಾ. ಸೀರಿ ಒಣಗಿತ್ತು, ಬೆಳಿಗ್ಗೇನೇ ಬೇಯಿಸಿಕೊಂಡು ಉಂಡೆ. ಏಳು, ನೀ ಉಣ್ಣು."

ವಿಜಯಾ ಅವಳ ಮುಖ ನೋಡಿದಳು. "ಎಲಿ ಎಲ್ಲಿ ಒಗದ್ರಿ ಅತ್ತಿ?"

ಅಮ್ಮನಿಗೆ ಸುಳ್ಳು ಹೇಳಿ ರೂಢಿಯಿಲ್ಲ. ಹೊರಗೆ ನೋಡಿದಳು, ಒಳಗೆ ನೋಡಿದಳು. ಆಮೇಲೆ ನನಗೆ ಹೇಳಿದಳು — "ಎರಡು ಎಲಿ ಹಾಕು."

ಮೈಮೇಲಿದ್ದದ್ದು ರಾತ್ರಿ ಉಟ್ಟು ಮಲಗಿದ ಸೀರೆ. ಅದರಲ್ಲೇ ಕೂತಳು. ನಾನು ಮುಟ್ಟಿ ಬೇಯಿಸಿದ ಅನ್ನ. ಅಮ್ಮ ಎಲೆಯ ಸುತ್ತ ನೀರು ಬಿಡಲಿಲ್ಲ, ಮಂತ್ರ ಹೇಳಲಿಲ್ಲ. ದೇವರನ್ನು ಇದಕ್ಕೆ ಕರೆಯಲು ಮನಸ್ಸಾಗಲಿಲ್ಲವೇನೋ. ತುತ್ತು ಕಲಸಿ ಬಾಯಿಗೆ ಇಟ್ಟಳು. ಅವಳ ಮುಖ ನೋಡಲಾಗಲಿಲ್ಲ. ನುಂಗಿದಳು.

"ಉಪ್ಪು ಕಡಿಮಿ ಆಗ್ಯಾದ," ಎಂದಳು. "ಕೂಡವ್ವಾ, ಆರಿ ಹೋಗ್ತದ."

ವಿಜಯಾ ಕೂತಳು. ಕಣ್ಣಲ್ಲಿ ನೀರು, ಆದರೂ ಉಂಡಳು. ಎಷ್ಟೋ ದಿನದ ಹಸಿವು. ಮತ್ತೊಂದು ಸೌಟು ಕೇಳಿದಳು. ಅಮ್ಮ ತನ್ನ ಎಲೆಯಲ್ಲಿ ಒಂದು ಅಗುಳೂ ಬಿಡದೆ ಮುಗಿಸಿ, ಮಡಿಚಿ ತೆಗೆದುಕೊಂಡು ಹೊರಗೆ ಹೋದಳು.

ಡೇರೆಯ ಹಿಂದಿನಿಂದ ವಾಂತಿಯ ಸದ್ದು. ಒಂದು ಸಲ, ಇನ್ನೊಂದು ಸಲ. ನಾನು ಪಾತ್ರೆಗಳನ್ನು ದಡಬಡ ಎತ್ತಿಹಾಕಿದೆ, ಗಾದೆಪ್ಪನ ಮೇಲೆ ಸುಮ್ಮನೆ ಕೂಗಾಡಿದೆ. "ನಾ ಏನ್ ಮಾಡಿದ್ನಿರಿ ಧಣಿ?" ಎಂದು ಅವನು ಬಿಟ್ಟ ಕಣ್ಣು ಬಿಟ್ಟುಕೊಂಡು ನಿಂತ. ವಿಜಯಾಗೆ ಕೇಳಿಸಲಿಲ್ಲ ಎಂದುಕೊಂಡಿದ್ದೇನೆ.

ಹೋಗಿ ನೋಡಿದೆ. ಅಮ್ಮ ಮರಳಿನಲ್ಲಿ ಗುಂಡಿ ತೋಡಿ ಮುಚ್ಚುತ್ತಿದ್ದಳು. "ಆಕಿಗೆ ಹೇಳಬ್ಯಾಡ," ಎಂದಳು. ಕಾಲು ಹಿಡಿಯೋಣವೆನ್ನಿಸಿತು. ಹಿಡಿಯಲಿಲ್ಲ. ಇಷ್ಟು ದಿನ ನನ್ನ ಮೂಗಿನ ಗೋಳನ್ನೇ ಬರೆದುಕೊಂಡು ಕೂತಿದ್ದೆ. ನನಗೆ ನನ್ನ ಮೇಲೇ ಹೇಸಿಗೆ.

೧೮ ಡಿಸೆಂಬರ್, ಭಾನುವಾರ

ಮಳೆ ನಿಂತಿಲ್ಲ. ಸೀರೆ ಹಾಗೇ ಇದೆ. ವಿಜಯಾ ರಾತ್ರಿ ನಿದ್ದೆ ಮಾಡಿದಳು, ಬೆಳಿಗ್ಗೆ ಬಟ್ಟೆಯಲ್ಲಿ ಕೆಂಪಿಲ್ಲ. ಹಸಿವು ಎನ್ನುತ್ತಿದ್ದಾಳೆ.

ಅಮ್ಮನಿಗೆ ಹೇಳಿದೆ — ಇವತ್ತು ನೀನು ಕೂಡಬೇಡ, ಏನಾದರೂ ನೆವ ಹೇಳುತ್ತೇನೆ. ಕೇಳಿಸಿಕೊಂಡಳೋ ಇಲ್ಲವೋ.

ಸಾರು ಕುದಿಯುತ್ತಿದೆ. ಬರೆಯುತ್ತ ಕೂತಿದ್ದೇನೆ. ಅಮ್ಮನ ದನಿ — "ವಿಠ್ಠಲಾ, ಲಗೂ ಬಾರೋ. ಆಕಿ ಹಸಕೊಂಡು ಕೂತಾಳ. ಉಪ್ಪು ಸರಿ ಹಾಕೀಯೇನು?" ಎರಡು ಎಲೆಯನ್ನೂ ಅವಳೇ ಹಾಕಿ, ಒಂದರ ಮುಂದೆ ಕೂತಾಗಿದೆ. ಹೋಗಿ ಬಡಿಸ—