ಹಿಡಿ ಕತ್ತರಿಸಿದ ಪ್ಯಾಂಟುಗಳು

ಎಲ್ಮ್ ಕ್ರೀಕ್, ಅಯೋವಾ
೧೪ ಅಕ್ಟೋಬರ್ ೧೯೦೬, ಭಾನುವಾರ

ಪ್ರೀತಿಯ ಇಂಗಾ ಅಕ್ಕಾ,

ನಿನ್ನ ಮಂಡಿನೋವು ಹೇಗಿದೆ? ಭಾವನ ಕೆಮ್ಮು ಇಳಿಯಿತೆ? ಆಲೂಗಡ್ಡೆ ಕಿತ್ತು ಮುಗಿಯುವವರೆಗೆ ನೀನು ಕೂರುವವಳಲ್ಲ ಎಂದು ಗೊತ್ತಿದ್ದೂ ಕೇಳುತ್ತಿದ್ದೇನೆ. ನಾನು ಗಟ್ಟಿಯಾಗಿದ್ದೇನೆ. ನಿನ್ನ ಸಿಟ್ಟು ಇನ್ನೂ ಆರಿಲ್ಲ, ಕಾಗದ ಬಾರದಿದ್ದರಿಂದಲೇ ತಿಳಿಯುತ್ತದೆ.

ಏಳು ವರ್ಷದ ಹಿಂದೆ ನಾನು ಈ ಕಾಲೇಜಿಗೆ ಬಂದದ್ದು ರೇಖಾಗಣಿತ ಕಲಿಸಲು. ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ನಮ್ಮ ಅಮೆರಿಕದ ಫುಟ್‌ಬಾಲಿನಲ್ಲಿ ಮುರಿದ ನನ್ನ ಮೂಗು ನೋಡಿ, "ಮೇಷ್ಟ್ರೇ, ನಮ್ಮ ಹುಡುಗರನ್ನ ನೀವೇ ತಯಾರು ಮಾಡಿ" ಎಂದು ಕಾಲೇಜಿನವರು ಚೆಂಡನ್ನು ಕೈಗಿಟ್ಟರು. ನನಗೆ ಗೊತ್ತಿದ್ದ ವಿದ್ಯೆ ಒಂದೇ: ಚೆಂಡು ಹಿಡಿದವನನ್ನು ನಡುವೆ ಇಟ್ಟುಕೊಂಡು ಎಲ್ಲರೂ ಒಟ್ಟಿಗೆ ನುಗ್ಗುವುದು. ಅವನನ್ನು ಎಳೆದೊಯ್ಯಲೆಂದು ಪ್ಯಾಂಟುಗಳಿಗೆ ಚರ್ಮದ ಹಿಡಿ ಹೊಲಿಸಿದವನೂ ನಾನೇ. ಹೋದ ವರ್ಷ ನಿನ್ನ ಮಗ ಲಾರ್ಸ್‌ನನ್ನು ನಮ್ಮವರು ಆ ಹಿಡಿಯಿಂದ ಮುಂದಕ್ಕೆ, ಎದುರಾಳಿಗಳು ಕಾಲಿನಿಂದ ಹಿಂದಕ್ಕೆ ಎಳೆದರು. ಮೇಲೆ ಬಿದ್ದವರೆಲ್ಲ ಎದ್ದಾಗ ಅವನ ಹೆಗಲ ಮೂಳೆ ಮುರಿದಿತ್ತು. "ನನ್ನ ಮಗನೇನು ಮೂಟೆಯೇನೋ, ಹಿಡಿ ಹಾಕಿ ಎಳೆಯೋಕೆ?" ಎಂದು ಆಸ್ಪತ್ರೆಯಲ್ಲಿ ನೀನು ಕೇಳಿದೆ. ತಪ್ಪು ನನ್ನದೇ, ಅಕ್ಕಾ.

ಈ ವರ್ಷ ನಿಯಮ ಬದಲಾಗಿದೆ. ಚೆಂಡನ್ನು ಮುಂದಕ್ಕೆ ಎಸೆಯಬಹುದು. ಅಭ್ಯಾಸದ ಮೊದಲ ದಿನವೇ ಕತ್ತರಿ ತಂದು ಎಲ್ಲ ಹಿಡಿಗಳನ್ನೂ ಕತ್ತರಿಸಿ ಹಾಕಿದೆ. ಎಸೆದ ಚೆಂಡು ಯಾರಿಗೂ ತಾಗದೆ ನೆಲಕ್ಕೆ ಬಿದ್ದರೆ ಅದು ಎದುರಾಳಿಯ ಪಾಲು, ಹಾಗಾಗಿ ಸುತ್ತಲಿನ ಕೋಚ್‌ಗಳು ಎಸೆಯಲು ಹೆದರುತ್ತಾರೆ. "ಏನ್ ಮೇಷ್ಟ್ರೇ, ಗಂಡಸರ ಆಟ ಬಿಟ್ಟು ಕೋಳಿಮೊಟ್ಟೆ ಎಸೆದಾಡಿಸ್ತಿದೀರಂತೆ!" ಎಂದು ಓಲೆ ಎಂಬ ನಮ್ಮ ಅಂಚೆಯವನು ಚುಡಾಯಿಸಿದ. "ಮೊಟ್ಟೆ ಒಡೀದೇ ಹಿಡಿಯೋದು ಕಷ್ಟ ಕಣಯ್ಯಾ, ಬಂದು ನೋಡು" ಎಂದೆ. ಅವನು ಬಂದು ನೋಡಿದ, ನಾವು ಎರಡು ಪಂದ್ಯ ಸೋತೆವು. ನಗುವವರ ಮುಂದೆ ಎಡವಿ ಬಿದ್ದ ಹಾಗಾಯಿತು. ಈ ಶನಿವಾರವೂ ಸೋತರೆ ಹಳೆಯ ನುಗ್ಗಾಟಕ್ಕೆ ಮರಳಬೇಕು, ಇಲ್ಲವೆ ಬೇರೆ ಕೋಚ್ ಬರುತ್ತಾನೆ ಎಂದಿದ್ದಾರೆ ಕಾಲೇಜಿನ ಅಧ್ಯಕ್ಷರು. ನಾನು ಮರಳುವುದಿಲ್ಲ.

ಭಾವನಿಗೆ ನಮಸ್ಕಾರ, ಚಿಕ್ಕವರಿಗೆ ಮುತ್ತು. ದೇವರು ನಿನ್ನ ಮಂಡಿಯನ್ನೂ ನನ್ನ ಮೊಂಡುತನವನ್ನೂ ಕಾಯಲಿ.

ನಿನ್ನ ತಮ್ಮ
ಹಾಲ್ವರ್

ತಾ.ಕ.: ಮರೆತಿದ್ದಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ದೂರದ ಚೆಂಡನ್ನು ಬೀಳದಂತೆ ಹಿಡಿಯುವವನು ನಮ್ಮಲ್ಲಿ ಒಬ್ಬನೇ, ಲಾರ್ಸ್. ಒಂದು ತಿಂಗಳಿಂದ ಅಭ್ಯಾಸಕ್ಕೆ ಬರುತ್ತಿದ್ದಾನೆ. "ಅಮ್ಮಂಗೆ ಹೇಳ್ಬೇಡ ಮಾವ, ಗೆದ್ಮೇಲೆ ಹೇಳೋಣ" ಎನ್ನುತ್ತಾನೆ. ಹೋದ ವರ್ಷವೂ ಹಾಗೇ ಅಂದಿದ್ದ, ನಾನು ಒಪ್ಪಿದ್ದೆ. ಈ ಸಲ ನಿನ್ನ ಒಪ್ಪಿಗೆಯಿಲ್ಲದೆ ಅವನನ್ನು ಇಳಿಸುವುದಿಲ್ಲ. ಶುಕ್ರವಾರದೊಳಗೆ ತಂತಿ ಕೊಡು. ಬೇಡ ಎಂದರೆ ಅವನಿಲ್ಲದೆಯೇ ಎಸೆಯುತ್ತೇವೆ. ಸೋಲುತ್ತೇವೆ. ಆದರೆ ನಿನ್ನನ್ನು ಕೇಳಿ ಸೋಲುತ್ತೇವೆ.