ಬೀಜಕ್ಕೆ ಬಿಸಿನೀರು

ಮೇ ೧೧
ದೀಪ ಹಚ್ಚಿದೆ. ಬೀಜದ ಭತ್ತ ಹರವಿದೆ. ನಮ್ಮ ಯಜಮಾನರೇ ಬಿತ್ತಿದ್ದು, ಕೊಯ್ಲಿಗೆ ಅವರಿರಲಿಲ್ಲ. ವರ್ಷಗಟ್ಟಲೆ ಒಳ್ಳೆ ತೆನೆ ಆರಿಸಿ ಮಾಡಿದ ತಳಿ, ಬೇರೆ ಯಾರಲ್ಲೂ ಇಲ್ಲ. ಅಳು ಬರಲಿಲ್ಲ. ಕಾಗೆ ಓಡಿಸಿದೆ.

ಮೇ ೧೪
ಬೀಜ ಪರೀಕ್ಷೆಯ ಮೇಡಂ ಬಂದಿದ್ದರು. ಕಾಳಿನ ಸಿಪ್ಪೆಯೊಳಗೆ ಹುಳವಂತೆ, ಕಣ್ಣಿಗೆ ಕಾಣದ್ದು. ಹೋದ ಬೆಳೆಯಲ್ಲಿ ಕೆಳಗಿನ ಗದ್ದೆಯ ಎಲೆ ತುದಿ ಬೆಳ್ಳಗಾದದ್ದು ಅದರಿಂದಲೇ.
"ಸತ್ತಿಲ್ಲಮ್ಮ, ಮಲಗಿದೆ. ನೀರು ಸಿಕ್ಕಿದ್ರೆ ಎದ್ದು ಕೂರುತ್ತೆ."
ಮೈದುನನ ಹೆಂಡತಿ ಬಿಡಲಿಲ್ಲ. "ಮೇಲಿನ ಗದ್ದೇಲಿ ಒಂದೆಲೆನೂ ಬೆಳ್ಳಗಾಗಿಲ್ಲ. ಬೀಜ ಅದೇ ತಾನೆ?"
"ಅಲ್ಲಿ ಪೈರು ವಿರಳ, ಗಾಳಿ ಆಡುತ್ತೆ. ಕೆಳಗಡೆ ಒತ್ತಾಗಿ ನೆಟ್ಟಿದ್ರಿ, ಎಲೆ ಆರೋದೇ ಇಲ್ಲ. ಆ ಒದ್ದೆ ಹಿಡ್ಕೊಂಡು ಹುಳ ಮೇಲೆ ಹತ್ತುತ್ತೆ. ಮೇಲಿನ ಗದ್ದೆ ಬೀಜದಲ್ಲೂ ಇದೆ, ತೆಪ್ಪಗಿದೆ ಅಷ್ಟೇ."
"ನನ್ನ ಗಂಡನ ಹಾಗೆ. ಜಾಗ ನೋಡ್ಕೊಂಡು ಬಾಲ ಬಿಚ್ಚೋದು!"
ಎಲ್ಲರೂ ನಕ್ಕರು. ನಾನೂ ನಕ್ಕೆನೇನೋ.
ಬಿಸಿನೀರಲ್ಲಿ ಕಾಲು ಗಂಟೆ ಅದ್ದಬೇಕಂತೆ. ಶಾಖ ನೋಡಲು ಥರ್ಮಾಮೀಟರ್ ಕೊಟ್ಟುಹೋದರು. ಹೊತ್ತು ಕಮ್ಮಿಯಾದರೆ ಹುಳ ಉಳಿಯುತ್ತದೆ, ಮೀರಿದರೆ ಬೀಜ ಸಾಯುತ್ತದೆ.

ಮೇ ೧೬
ಕೆಳಗಿನ ಗದ್ದೆಯ ಬೀಜ ಅದ್ದಿದೆ. ನನ್ನ ಸ್ತೋತ್ರ ಒಂದಾವರ್ತಿ ಹೇಳಿದರೆ ಸರಿಯಾಗಿ ಕಾಲು ಗಂಟೆ. ಅನ್ನ ಬೇಯುವುದನ್ನೂ ಅದರಲ್ಲೇ ಅಳೆದವಳು ನಾನು.
"ಅಕ್ಕ, ಗಡಿಯಾರ ನೋಡ್ಬಾರ್ದಾ?" ಮೈದುನನ ಹೆಂಡತಿ ಕೇಳಿದಳು.
"ಗಡಿಯಾರಕ್ಕೆ ಸೆಲ್ಲು ಬೇಕು. ದೇವರಿಗೆ ಬೇಡ."
ನಡುವೆ ಗಂಡನ ಆಯಸ್ಸು ಕೇಳುವ ಸಾಲು ಬಂತು. ನಾಲಿಗೆ ನಿಂತಿತು. ಅರ್ಧಕ್ಕೆ ಬಿಡಬಾರದಲ್ಲ... ಮೊದಲಿನಿಂದ ಶುರುಮಾಡಿದೆ. ಅಲ್ಲೇ ನಿಂತೆ. ಮತ್ತೆ ಮೊದಲಿನಿಂದ. ಒಲೆ ಉರಿಯುತ್ತಲೇ ಇತ್ತು.
"ಅಕ್ಕಾ! ಚೀಲ ಎತ್ರೀ, ಬೆಂದ್ಹೋಗುತ್ತೆ!"
ಅವಳೇ ಎಳೆದು ತೆಗೆದಳು. ನಾನು ನೋಡುತ್ತ ಕೂತಿದ್ದೆ.

ಮೇ ೨೩
ಒಂದು ಕಾಳೂ ಮೊಳೆತಿಲ್ಲ. ಚೀಲ ಬಿಚ್ಚಿದರೆ ಹುಳಿ ವಾಸನೆ. ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.
ಇನ್ನು ಉಳಿದದ್ದು ಮೇಲಿನ ಗದ್ದೆಯದು, ಒಂದೇ ಚೀಲ. ಅದೂ ಹೋದರೆ ತಳಿಯೇ ಹೋಯಿತು.

ಮೇ ೨೪
ಅದನ್ನು ಅವಳೇ ಅದ್ದಿದಳು, ಫೋನಿನಲ್ಲಿ ಕಾಲು ಗಂಟೆಗೆ ಅಲಾರಂ ಇಟ್ಟು, ಅದು ಕೂಗುವ ತನಕ.
"ನೀವು ಆ ಕಡೆ ಕೂತು ದೇವರನ್ನ ನೆನೀರಿ, ಅಕ್ಕ."
ಹೂಂ ಅಂದೆ. ಕೂತೆ. ಏನೂ ನೆನೆಯಲಿಲ್ಲ.

ಜೂನ್ ೧, ಬೆಳಿಗ್ಗೆ
ಚೀಲ ಮುಟ್ಟಿದೆ — ಬೆಚ್ಚಗಿತ್ತು. ಬಿಚ್ಚಿದೆ. ಕಾಳುಕಾಳಿಗೂ ಬಿಳಿ ಮೊಳಕೆ. ಒಂದು ಹಿಡಿ ತೆಗೆದುಕೊಂಡು ಒಳಗೆ ಓಡಿದೆ. ಕೋಣೆಯ ಬಾಗಿಲಲ್ಲೇ ಕೂಗಿದೆ — ರೀ, ಏಳ್ರೀ, ನಿಮ್ಮ ಭತ್ತ...