ಬಾಯ್ತುಂಬ ಕವಳ, ಗೆರೆಯ ಈಚೆ

ನನ್ನ ಯಜಮಾನರೂ ಗೆಳೆಯರೂ ಆಗಿದ್ದ ಕರೀಂ ಸಾಹೇಬರೆ,

ಪರದೆ ಸರಿದಿದೆ, ನಿಮ್ಮ ಹೆಗಡೆ ರಂಗಕ್ಕೆ ಬಂದಿದ್ದಾನೆ! ನೀವು ಕಣ್ಣು ಮುಚ್ಚಿದ ಮೇಲೆ ನಮ್ಮ ಶಿರಸಿ ಫುಟ್ಬಾಲ್ ತಂಡದ ಯಜಮಾನಿಕೆ ನನ್ನ ತಲೆಗೆ ಬಂತು. ನಾಟಕಗಳಲ್ಲಿ ಪಾರ್ಟು ಮಾಡುತ್ತ, ಅವಕ್ಕೇ ಗ್ಯಾಸ್ ಬತ್ತಿ ಬಾಡಿಗೆ ಕೊಡುವವನಿಗೆ ಹನ್ನೊಂದು ಜನ ಆಟಗಾರರು! ಪಾತ್ರ ದೊಡ್ಡದು, ಪೋಷಾಕು ಸಡಿಲ.

ನೆನಪಿದೆಯೇ, ಸಿದ್ದಾಪುರದ ಆ ಮೊದಲ ಪಂದ್ಯ? ಗೆರೆಯ ಹೊರಗೆ ನಿಂತು, ಕಡೆಯ ಸಾಲಿಗೂ ಮುಟ್ಟುವ ದನಿಯಲ್ಲಿ ನಾನು "ಗಣಪಾ, ಎಡಕ್ಕೆ ಕೊಡೋ!" ಎಂದು ಗರ್ಜಿಸಿದೆ. ನಾಯಕ ಗಣಪ ಬೆಚ್ಚಿ ನನ್ನತ್ತ ತಿರುಗಿದ. ಚೆಂಡು ಎದುರಾಳಿಯ ಕಾಲಿಗೆ, ಅಲ್ಲಿಂದ ನಮ್ಮ ಗೋಲಿಗೆ. ನೀವು ಬೈಯಲಿಲ್ಲ. ಎಲೆಯಡಿಕೆಯ ಚಂಚಿ ಬಿಚ್ಚಿ, ನಾಲ್ಕು ವೀಳ್ಯದೆಲೆಯ ಕವಳ ಕಟ್ಟಿ, "ಬಾಯಿ ತೆಗೀರಿ ಹೆಗಡೇರೆ" ಎಂದು ತುರುಕಿದಿರಿ. "ಖರ್ಚಿಗೆ ಬೇಕು ಬೇಡ ಅನ್ನೋದು ಯಜಮಾನನ ಕೆಲಸ. ಯಾರು ಆಡ್ಬೇಕು ಅನ್ನೋದು ಗಣಪನ ಕೆಲಸ. ಆಟ ಮುಗಿಯೋವರೆಗೆ ಉಗೀಬಾರ್ದು." ಅಂದಿನಿಂದ ಪಂದ್ಯವೆಂದರೆ ನಮ್ಮಿಬ್ಬರ ಕೆನ್ನೆಯೂ ಊದಿರುತ್ತಿತ್ತು.

ತಂಡವನ್ನು ಊರೂರಿಗೆ ಮೋಟಾರಿನಲ್ಲಿ ಒಯ್ಯುತ್ತಿದ್ದವನು ನಿಮ್ಮ ಮಗ ಯೂಸುಫ್. ಗೋಲಿನಲ್ಲಿ ನಿಲ್ಲುವ ಆಸೆ ಅವನಿಗೆ. "ಅವಂಗೆ ಇನ್ನೂ ಕೈ ಪಳಗಿದ್ದಿಲ್ಲೆ" ಎಂದು ಗಣಪ ನನಗೆ ಹೇಳಿದ್ದು ನಿಮಗೂ ಕೇಳಿಸಿತ್ತು. ಮೋಟಾರು ನಿಮ್ಮದು, ಚೆಂಡು ನಿಮ್ಮದು, ಮಗನೂ ನಿಮ್ಮವನು. ಒಂದು ಮಾತು ಸಾಕಿತ್ತಲ್ಲ... ಸುಮ್ಮನೆ ಅಗಿಯುತ್ತ ನಿಂತಿರಿ. ಹೇಗೆ ತಡೆದುಕೊಂಡಿರಿ?

ಕಳೆದ ತಿಂಗಳು ಯಲ್ಲಾಪುರದಿಂದ ಪಂದ್ಯಕ್ಕೆ ಕರೆ ಬಂತು. ಯೂಸುಫನ ಕೈ ಈಗ ಪಳಗಿತ್ತು, ಗಣಪನೇ ಗೋಲಿಗೆ ಅವನ ಹೆಸರು ಹೇಳಿದ. ಆದರೆ ನಿಮ್ಮ ಮೋಟಾರು ಮಾರಿಹೋಗಿತ್ತು, ಬಾಡಿಗೆ ಮೋಟಾರು ನನ್ನ ಕೈಗೆ ಎಟುಕದು. ಆಗ ಪೇಟೆಯ ಕಟ್ಟಿಗೆ ಸಾಹುಕಾರರು ನನ್ನ ಬತ್ತಿ ಅಂಗಡಿಗೇ ಬಂದರು. "ಮೋಟಾರು, ಊಟ, ಹೊಸ ಚೆಂಡು, ಎಲ್ಲಾ ನಂದು. ಗೋಲಿಗೆ ನಮ್ಮ ತಂಗಿ ಮಗನ್ನ ನಿಲ್ಲಿಸ್ರಿ."

"ಅದು ಗಣಪ ಹೇಳ್ಬೇಕು."

"ರಾಜನ ಪಾರ್ಟು ಮಾಡಿದವರು, ಸ್ವಂತ ತಂಡದಾಗ ಪರದೆ ಎಳೆಯೋರೇನ್ರಿ?"

"ಹೌದು, ಪರದೆ ಎಳೆಯೋದೇ ನನ್ನ ಪಾರ್ಟು! ಚೆಂಡು ನಿಮ್ಮಲ್ಲೇ ಇರ್ಲಿ!" ನನ್ನ ದನಿಗೆ ಬತ್ತಿಯ ಗಾಜುಗಳು ಗಲಗಲ ಎಂದವು.

ಗಣಪನನ್ನು ಕರೆದೆ. "ಮೋಟಾರಿಲ್ಲೆ, ಹೊಸ ಚೆಂಡಿಲ್ಲೆ. ಹನ್ನೊಂದು ಜನ ಮಾತ್ರ ನೀನು ಹೇಳಿದವೇಯ."

"ಅಡ್ಡಿಲ್ಲೆ ಅಣ್ಣ, ಗಾಡಿ ಕಟ್ಟಿ ಹೋಪನ."

ಎರಡು ದಿನ ಮೊದಲೇ ಎತ್ತಿನ ಗಾಡಿಯಲ್ಲಿ ಹೊರಟೆವು. ಹಳೆಯ ಚೆಂಡಿಗೆ ಚಮ್ಮಾರನಿಂದ ಹೊಲಿಗೆ ಹಾಕಿಸಿದ್ದೆ, ಪುಟಿದಾಗಲೆಲ್ಲ ಕುಂಟುತ್ತಿತ್ತು.

ಆಟ ಶುರುವಾಗಿ ಸ್ವಲ್ಪ ಹೊತ್ತಿಗೇ ಚೆಂಡು ಯೂಸುಫನ ಕಾಲ ನಡುವೆ ನುಸುಳಿತು. ಗೋಲು! ತಮ್ಮ ಮೋಟಾರಿನಲ್ಲೇ ಬಂದಿದ್ದ ಸಾಹುಕಾರರು ನನ್ನ ಬೆನ್ನ ಹಿಂದೆ "ಈಗ ಹೇಳ್ರಿ ಯಜಮಾನ್ರೆ!" ಎಂದರು. ಹೇಳಲು ನನ್ನಲ್ಲಿ ಏನಿರಲಿಲ್ಲ? ಆಡಿದ ಪಾತ್ರಗಳೆಲ್ಲ ಗಂಟಲಿಗೆ ಬಂದು ನಿಂತವು... ಅಗಿದೆ, ಸಾಹೇಬರೆ, ಅಗಿದೆ! ಆಮೇಲೆ ಯೂಸುಫ್ ಐದು ಹೊಡೆತ ತಡೆದ. ಆದರೂ ಆ ಒಂದು ಗೋಲಿನಿಂದಲೇ ಸೋತೆವು.

ಗಾಡಿ ಹತ್ತುವಾಗ ಯೂಸುಫ್ ನನ್ನನ್ನು ತಡೆದು ಕೇಳಿದ, "ಕಾಕಾ, ಖರೆ ಹೇಳ್ರಿ. ಅಬ್ಬಾನ ಹೆಸರು ನೋಡಿ ನನ್ನ ನಿಲ್ಲಿಸಿದ್ರಾ?"

ಕವಳ ಉಗಿದೆ. ಜನ್ಮದಲ್ಲಿ ಮೊದಲ ಸಲ ನನ್ನ ದನಿ ತಗ್ಗಿತು. "ಇಲ್ಲೋ. ಗಣಪ ಆರಿಸಿದ. ನನ್ನ ಬಾಯಲ್ಲಿ ಕವಳ ಇತ್ತು."

"ಮುಂದಿನ ಸಲವೂ ಅವನೇಯ," ಎಂದು ಗಣಪ ಗಾಡಿಯ ಒಳಗಿನಿಂದ ಕೂಗಿದ.

ಯೂಸುಫ್ ನಕ್ಕ. ಥೇಟ್ ನಿಮ್ಮ ನಗು. ನಿಮ್ಮ ಚಂಚಿ ಈಗ ನನ್ನ ಸೊಂಟದಲ್ಲಿದೆ, ಸಾಹೇಬರೆ. ಖಾಲಿಯಾಗಲು ಬಿಡುವುದಿಲ್ಲ.

ನಿಮ್ಮ,
ಹೆಗಡೆ